ಹಸಿರು ಸೈಕಲ್

ಮದುವೆಯಾದ ಮೇಲೆ ಗಂಡ ತಾನಾಗಿಯೇ ಅವಳಿಗೆ ಏನನ್ನಾದರೂ ಕೊಡಿಸಲು ಬಂದದ್ದು ಅದೇ ಮೊದಲು. ಅಂಗಡಿಯ ಹುಡುಗಿ ಜಲ್ಲಿ ದಾರಿಯಲ್ಲಿ ಓಡಿಸುವ ಎರಡು ಗ್ರಾವೆಲ್ ಸೈಕಲ್ ತಂದು ನಿಲ್ಲಿಸಿದಳು. ಕಪ್ಪಿನದಕ್ಕೆ ಆಯಿಲ್ ಬ್ರೇಕ್, ಹಸಿರಿನದಕ್ಕೆ ಕೇಬಲ್ ಬ್ರೇಕ್.

“ನನಗೆ ಕಪ್ಪೇ ಇರಲಿ,” ಎಂದಳು ಹೆಂಡತಿ.

“ಅದು ನನಗೆ. ನಿಂಗೆ ಹಸಿರು. ಕೇಬಲ್ ಆದ್ರೆ ಮನೇಲಿ ನಾನೇ ಬಿಚ್ಚಿ ಕಟ್ತೀನಿ.”

“ಬ್ರೇಕ್ ಇಲ್ಲೇ ಸೆಟ್ ಮಾಡಿ ಕೊಡ್ತೀವಲ್ಲ ಸಾರ್,” ಎಂದಳು ಹುಡುಗಿ.

“ಬೇಡಮ್ಮ. ನನ್ನ ಹೆಂಡ್ತಿ ಸೈಕಲ್ಲಿಗೆ ಬೇರೆಯವರ ಕೈ ಯಾಕೆ?” ಅವನು ನಕ್ಕ.

ಹುಡುಗಿ ಇಬ್ಬರನ್ನೂ ಕಣ್ಣಲ್ಲೇ ಅಳೆದಳು. “ಇಬ್ರೂ ಒಂದೇ ಎತ್ತರ. ಸೀಟೂ ಒಂದೇ ಅಳತೆಗೆ ಇಡ್ತೀನಿ.”

ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ಹಳೆಯ ಕಲ್ಲು ಕ್ವಾರಿಯ ಗುಡ್ಡ ಹತ್ತಿದರು. ಆಚೆ ಬದಿಗೆ ಜಲ್ಲಿಯ ಕಡಿದಾದ ಇಳಿಜಾರು, ಅದರ ಪಕ್ಕಕ್ಕೇ ಕ್ವಾರಿಯ ಹೊಂಡ.

“ನೀನು ಮುಂದೆ ಹೋಗು,” ಎಂದ ಗಂಡ, ತನ್ನ ಸೈಕಲ್ಲನ್ನು ಬಂಡೆಗೆ ಒರಗಿಸಿ ನೀರಿನ ಬಾಟಲಿ ತೆರೆಯುತ್ತ.

“ಈ ಸೀಟು ಯಾಕೋ ಒತ್ತುತ್ತೆ ರೀ. ನೀವು ಇದ್ರಲ್ಲಿ ಬನ್ನಿ,” ಎನ್ನುತ್ತ ಅವಳು ಕಪ್ಪು ಸೈಕಲ್ ಹತ್ತಿ ಹೊರಟೇಬಿಟ್ಟಳು.

ಕೆಳಗೆ ಮುಟ್ಟಿ ತಿರುಗಿ ನೋಡಿದಾಗ, ಗಂಡ ಹಸಿರು ಸೈಕಲ್ಲನ್ನು ಹಿಡಿದುಕೊಂಡು ನಡೆದೇ ಇಳಿದು ಬರುತ್ತಿದ್ದ.