ಎರಡು ಮನೆಯ ಒಂದು ಮುಖ

ಹೋದ ವಾರ ಮುನವಳ್ಳಿಯ ಮಹಾಂತಪ್ಪನವರ ಮನೆಯಲ್ಲಿ ನೋಡಿದ ಮುಖವೇ ಮುರಗೋಡದ ಈ ಮನೆಯ ಗೋಡೆಯ ಮೇಲೂ ಇತ್ತು. ಅದೇ ರುಮಾಲು, ಎಡ ಹುಬ್ಬಿನ ಮೇಲೆ ಅದೇ ಗಾಯದ ಕಲೆ. ಅಲ್ಲಿ ಅದು ಮಹಾಂತಪ್ಪನವರ ಅಣ್ಣನ ಫೋಟೊ. ಇಲ್ಲಿ ಅದರ ಕೆಳಗೆ ನಿಂತ ಬಸವಣ್ಣೆಪ್ಪ, “ಇವರಽ ನೋಡ್ರಿ ನಮ್ಮ ಅಪ್ಪಾರು” ಎಂದ.

ಮೃಣಾಲಿನಿ ಬೈಲಹೊಂಗಲದ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದಳು. ಮನೆ ಮನೆ ತಿರುಗಿ ಹಳೆಯ ಫೋಟೊ ಕೂಡಿಸಿ, ಈ ಸೀಮೆಯದೊಂದು ಪುಸ್ತಕ ಮಾಡಲು ಹೊರಟಿದ್ದಳು. ಸವದತ್ತಿಯಲ್ಲಿ ಮುಚ್ಚಿಹೋದ ಸ್ಟುಡಿಯೊ ಒಂದರ ಗಾಜಿನ ನೆಗೆಟಿವ್‌ಗಳ ನಡುವೆ ಆಕೆಗೆ ಭಜನಾ ಮೇಳವೊಂದರ ಚಿತ್ರ ಸಿಕ್ಕಿತ್ತು. ಮಲಪ್ರಭೆಯ ದಂಡೆಯ ಊರುಗಳ ತರುಣರು ತಾಳ ಹಿಡಿದು ಸಾಲಾಗಿ ನಿಂತಿದ್ದರು. ಆ ಮೇಳದಲ್ಲಿ ಶಟ್ಟೆಪ್ಪ ಎಂಬವನೂ ಇದ್ದ, ಅವನ ಹೆಂಡತಿ ಮಗ ಮುರಗೋಡದಲ್ಲಿದ್ದಾರೆ ಎಂದು ಮಹಾಂತಪ್ಪನವರೇ ಹೇಳಿ ಕಳಿಸಿದ್ದರು.

“ನಾ ಹೊಟ್ಟ್ಯಾಗಿದ್ದಾಗ ಹಾವು ಕಡದು ತೀರಿಕೊಂಡ್ರಿ. ನಾ ಮಾರಿ ಕಂಡಿಲ್ಲ. ನನಗ ಈ ಫೋಟೊನಽ ಅಪ್ಪ,” ಎಂದ ಬಸವಣ್ಣೆಪ್ಪ. ಅರವತ್ತು ದಾಟಿದ ರೈತ, ಹುಡುಗನ ಹಾಗೆ ಮೂಗು ಮುಟ್ಟಿಕೊಂಡು ನಕ್ಕ. “ಮೂಗ ನೋಡ್ರಿ ಮೇಡಮ್ಮಾರ. ಥೇಟ್ ನಂದಽ ಅಂತಾರ ಮಂದಿ. ಪುಸ್ತಕದಾಗ ದೊಡ್ಡದ ಮಾಡಿ ಹಾಕ್ರಿ. ಕೆಳಗ ಶಟ್ಟೆಪ್ಪ ಅಂತ ಹೆಸರು ಬರೀರಿ.”

ಮೃಣಾಲಿನಿ ಗೋಡೆಯ ಹತ್ತಿರ ಹೋಗಿ ಆ ಕಲೆಯನ್ನು ಮತ್ತೊಮ್ಮೆ ನೋಡಿದಳು. “ಇಲ್ಲೆ ಕತ್ತಲಿ ಅದ ಕಾಕಾ. ಅಂಗಳಕ್ಕ ಒಯ್ದ್ರ ಛಲೋ ಬರ್ತದ,” ಎಂದಳು. ಅವನು ಫೋಟೊ ಇಳಿಸಿ, ಹೂವಿನ ಹಾರ ತೆಗೆದಿಟ್ಟು, ಎದೆಗೆ ಆನಿಸಿಕೊಂಡು ಹೊರಗೆ ಹೋದ.

ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದ ಅವನ ತಾಯಿ ಕೃಷ್ಣವ್ವ ತಲೆ ಎತ್ತಲಿಲ್ಲ.

“ನಿಮಗ ಗೊತ್ತಾತಲ್ಲ ಬಾಯಾರ?”

“ಏನ ಆಯಿ?”

“ಆ ಫೋಟೊದಾಗಿನವರು ನಮ್ಮವರಲ್ಲ ಅಂತ.”

ಮೃಣಾಲಿನಿ ಆಕೆಯ ಹತ್ತಿರ ಹೋಗಿ ಕುಳಿತಳು.

“ನಮ್ಮವರು ಹೋದ ಮ್ಯಾಲೆ ನಾ ಇಲ್ಲೇ ತವರಿಗೆ ಬಂದೆ. ಬಸವಣ್ಣೆಪ್ಪ ಐದ ವರ್ಷದಾಂವ ಇದ್ದಾಗ, ಮೇಳದ ಫೋಟೊದಾಗಿಂದ ಅವರದೊಂದ ಬ್ಯಾರೆ ಮಾಡಿ ಕೊಡು ಅಂತ ನಮ್ಮಣ್ಣ ಸವದತ್ತ್ಯಾಗ ಹೇಳಿ ಬಂದಿದ್ದ. ಎಲ್ಲಾರ ತಲಿಗೂ ರುಮಾಲು, ಎಲ್ಲಾರ ಕೈಯಾಗೂ ತಾಳ. ಸ್ಟುಡಿಯೊದಾಂವ ಬಾಜೂಕ ನಿಂತವರದ ಮಾಡಿ ಕೊಟ್ಟಾನ. ನಮ್ಮಣ್ಣಗರೆ ಏನ ಗೊತ್ತು? ಈ ಊರ ಮಂದಿ ಅವರನ ನೋಡಿದ್ದು ಮದಿವ್ಯಾಗಷ್ಟ, ಬಾಸಿಂಗ ಕಟಗೊಂಡಿದ್ರು, ಮಾರಿ ಸರಿ ಕಂಡಿದ್ದಿಲ್ಲ. ನನಗ ಮಾತ್ರ ಫೋಟೊಕ್ಕ ಸುತ್ತಿದ ಅರಿವಿ ಬಿಚ್ಚಿದ ಕೂಡ್ಲೆ ತಿಳೀತು.”

“ಮತ್ತ ಯಾಕ ಹೇಳಲಿಲ್ಲ?”

“ಹೇಳಾಕ ಬಾಯಿ ತಗ್ಯೂದ್ರಾಗ ಇಂವ ಫೋಟೊ ಅವಚಿಕೊಂಡು ‘ನಮ್ಮಪ್ಪ ಬಂದಾನ, ನಮ್ಮಪ್ಪ ಬಂದಾನ’ ಅಂತ ಓಣಿ ತುಂಬ ಓಡಿದ. ಮನಿ ಮನಿಗೆ ತೋರಿಸಿ ಬಂದ. ಅದನ್ನ ಹೆಂಗ ಕಸಗೊಳ್ಳಲಿ? ದೊಡ್ಡಾಂವ ಆಗಲಿ, ಹೇಳೋಣು ಅಂದೆ. ದೊಡ್ಡಾಂವ ಆದ ಮ್ಯಾಲೆ ಹೇಳೂದು ಮತ್ತಷ್ಟ ತ್ರಾಸ ಆತು.” ಕೃಷ್ಣವ್ವ ಒಂದು ಹರಳು ಆರಿಸಿ ಆಚೆ ಒಗೆದಳು. “ದಿನಾ ಹೂ ಏರಸಾಂವ ಅವನಽ. ನಾ ಒಂದಿನಾನೂ ಕೈ ಮುಗದಿಲ್ಲ. ಯಾಕ ಅಂತ ಯಾರೂ ಕೇಳೂ ಇಲ್ಲ.”

ಮೃಣಾಲಿನಿ ಮುನವಳ್ಳಿಯ ಮನೆಯ ಸಂಗತಿ ಹೇಳಿದಳು.

“ಅಲ್ಲೂ ದಿನಾ ಹೂ ಏರಸ್ತಾರೇನು?”

“ಹೌದ ಆಯಿ.”

“ಯಾ ಪುಣ್ಯಾತ್ಮನೋ, ಎರಡೂ ಮನ್ಯಾಗ ಹೂ ಪಡದಾನ,” ಎಂದು ಕೃಷ್ಣವ್ವ ಬೊಚ್ಚುಬಾಯಿ ಬಿಟ್ಟು ನಕ್ಕಳು.

ಮೃಣಾಲಿನಿಗೆ ನಗು ಬರಲಿಲ್ಲ. ಬಸವಣ್ಣೆಪ್ಪ ಹೇಳಿದಂತೆ ಹಾಕಿದರೆ ಪುಸ್ತಕ ಸುಳ್ಳಾಗುತ್ತದೆ. ಇದ್ದದ್ದನ್ನು ಇದ್ದಂತೆ ಹಾಕಿದರೆ ಈ ವಯಸ್ಸಿನಲ್ಲಿ ಅವನು ಅಪ್ಪನನ್ನು ಕಳೆದುಕೊಳ್ಳುತ್ತಾನೆ. ಹೆಸರು ತಪ್ಪಿದ ಫೋಟೊ ದಾಖಲೆಯೇ ಅಲ್ಲ ಎಂದು ವರ್ಷವೂ ವಿದ್ಯಾರ್ಥಿಗಳಿಗೆ ಹೇಳುವವಳು ಆಕೆ.

“ಏನ ಮಾಡ್ಲಿ, ನೀವಽ ಹೇಳ್ರಿ ಆಯಿ.”

“ಇಡೀ ಮೇಳ ಹಾಕ್ರಿ. ಕೆಳಗ ಎಲ್ಲಾರ ಹೆಸರೂ ಬರೀರಿ, ನಮ್ಮವರದೂ ಇರಲಿ. ಯಾರು ಯಾರಂತ ಬೊಟ್ಟ ಮಾಡಿ ತೋರಸಬ್ಯಾಡ್ರಿ. ಅವರವರ ಮನಿಯವರು ತಮ್ಮ ತಮ್ಮವರನ್ನ ಹುಡುಕ್ಕೊಳ್ಳಲಿ.”

“ಕಾಕಾಗ ದೊಡ್ಡ ಫೋಟೊನಽ ಬೇಕಂತಲ್ಲ?”

“ಮೇಳ ಬಿಟ್ಟು ನಿಮ್ಮಪ್ಪ ಎಂದೂ ಒಬ್ಬರಽ ನಿಂತವರಲ್ಲ ಅಂತ ನಾ ಹೇಳತೇನಿ. ನನ್ನ ಮಾತ ಕೇಳತಾನ.”

“ಆಗಲಿ” ಎಂದಳು ಮೃಣಾಲಿನಿ.

ಕೃಷ್ಣವ್ವ ಜೋಳದ ಮೊರವನ್ನು ಬದಿಗೆ ಸರಿಸಿ ಸೀರೆಗೆ ಕೈ ಒರೆಸಿಕೊಂಡಳು. “ಆ ಮೇಳದ ಫೋಟೊ ಈಗ ನಿಮ್ಮ ಕಡೆ ಐತೇನು?”

ಮೃಣಾಲಿನಿ ಬ್ಯಾಗಿನಿಂದ ಟ್ಯಾಬ್ ತೆಗೆದು ಚಿತ್ರ ತೆರೆದಳು. ಕೃಷ್ಣವ್ವ ಹುಡುಕಲಿಲ್ಲ. ಕಲೆಯ ಹುಬ್ಬಿನವನ ಪಕ್ಕದಲ್ಲಿ ನೇರ ಬೆರಳಿಟ್ಟಳು. ಬೆರಳು ತಾಗಿದ್ದೇ ಚಿತ್ರ ಜಾರಿ ಆಚೆ ಹೋಯಿತು. ಆಕೆ ಗಾಬರಿಯಿಂದ ಕೈ ಹಿಂದೆಗೆದಳು. ಮೃಣಾಲಿನಿ ಅದನ್ನು ಮತ್ತೆ ತಂದು, ಆ ಒಂದೇ ಮುಖ ತುಂಬಿ ಕಾಣುವಂತೆ ದೊಡ್ಡದು ಮಾಡಿ ಹಿಡಿದಳು.

ದೊಡ್ಡ ರುಮಾಲು ಕಿವಿಯವರೆಗೆ ಇಳಿದಿತ್ತು. ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ. ಯಾರೋ ನಗಿಸಿದ್ದರೇನೋ, ತುಟಿ ಬಿಗಿಹಿಡಿದು ನಿಂತಿದ್ದ. ಕೃಷ್ಣವ್ವನ ಕೈ ತಾನಾಗಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿತು. ಆಕೆ ನೋಡಿದಳು, ಇನ್ನಷ್ಟು ಬಾಗಿ ನೋಡಿದಳು.

“ಇಷ್ಟ ಸಣ್ಣಾಂವ ಇದ್ದನೇನ ಇಂವ?” ಎಂದಳು. “ನನ್ನ ಮನಸಿನ್ಯಾಗ ನನ್ನ ಕೂಡನಽ ಮುದುಕ ಆಗಿದ್ದ, ತಂಗಿ.”