ಯಜಮಾನರನ್ನು ಒಂದು ಮಾತು ಕೇಳಿ

ಹನ್ನೆರಡು ಗಂಟೆಗೆ ಸರಿಯಾಗಿ ಫೋನು ಬಡಿದುಕೊಂಡಿತು. ಯಜಮಾನರು ಕಣ್ಣು ಮುಚ್ಚಿಕೊಂಡೇ ಕೈ ಚಾಚಿದರು. ಹೆಂಡತಿ ಅದನ್ನು ಅಂಗೈಯಲ್ಲಿ ಇಟ್ಟು, ಬೆನ್ನಿಗೊಂದು ದಿಂಬು ಕೊಟ್ಟು, ಊಟಕ್ಕೆ ತಟ್ಟೆ ತೊಳೆಯಲು ಹೋದಳು.

"ಯಜಮಾನ್ರೇ, ಅಂಟಿಗೆ ನೀರು ಎಷ್ಟು ಹಾಕ್ಬೇಕು?"

ಕೇಳಿದವನು ಮೇಸ್ತ್ರಿ. ಅವರ ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಹದಿನೆಂಟು ವರ್ಷದಿಂದ ಅಂಟು ಕಲಸುತ್ತಿರುವ ಆಸಾಮಿ. ಯಜಮಾನರಿಗೆ ತಲೆ ಚಚ್ಚಿಕೊಳ್ಳುವಂತಾಯಿತು.

"ಮೂರು ಪಾಲಿಗೆ ಒಂದು ಪಾಲು ಕಣಯ್ಯಾ. ನಿನ್ನ ತಲೇಲಿ ಏನು ರಟ್ಟು ತುಂಬಿದೆಯಾ?"

"ಆಗ್ಲಿ ಯಜಮಾನ್ರೇ, ಹಾಗೇ ಮಾಡ್ತೀವಿ" ಎಂದ ಮೇಸ್ತ್ರಿ. ಬೈಸಿಕೊಂಡ ಬೇಸರ ದನಿಯಲ್ಲಿ ಎಳ್ಳಷ್ಟೂ ಇರಲಿಲ್ಲ. ಅವನ ಹಿಂದೆ ಕತ್ತರಿಸುವ ಯಂತ್ರ ಒಂದೇ ಸಮನೆ ಓಡುತ್ತಿತ್ತು.

ಯಜಮಾನರು ಊಟ ಮಾಡುತ್ತಾ ಮೇಸ್ತ್ರಿಗೆ ಇನ್ನಷ್ಟು ಮಂಗಳಾರತಿ ಎತ್ತಿದರು. ಹೆಂಡತಿ ಹೂಂಗುಟ್ಟುತ್ತಾ ಬಡಿಸಿದಳು. ನೆಂಟರು ಬಂದರೆ ಬಾಗಿಲಲ್ಲೇ ನಿಲ್ಲಿಸಿ "ಅವರಿಗೆ ಆಯಾಸ" ಎಂದು ಸಾಗಹಾಕುವವಳು, ಈ ಫೋನಿಗೆ ಮಾತ್ರ ಒಂದು ದಿನವೂ ಅಡ್ಡಿ ಮಾಡಿದವಳಲ್ಲ.

ಮೂರು ತಿಂಗಳ ಹಿಂದೆ ಕಾರ್ಖಾನೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ಅವರ ತೊಡೆಯ ಮೂಳೆ ಮುರಿದಿತ್ತು. ಮೊದಲ ಎರಡು ವಾರ ಅಲ್ಲಿಂದ ಒಂದು ಕರೆಯೂ ಬರಲಿಲ್ಲ. ಯಜಮಾನರು ಗೋಡೆ ಕಡೆ ಮುಖ ಮಾಡಿ ಮಲಗಿದರು. ಇಟ್ಟ ತಟ್ಟೆ ಇಟ್ಟ ಹಾಗೇ ಒಳಗೆ ಹೋಗುತ್ತಿತ್ತು. ನನ್ನ ಋಣ ಅಲ್ಲಿಗೆ ಮುಗೀತು ಎಂದು ಒಂದೇ ಸಲ ಹೇಳಿ ಸುಮ್ಮನಾಗಿದ್ದರು.

ಆಮೇಲೆ ಫೋನು ಶುರುವಾಯಿತು. ಯಾವ ಅಳತೆ, ಯಾವ ಬಣ್ಣ, ಯಾವ ಗಿರಾಕಿಯದು ಮೊದಲು. ನಾನಿಲ್ಲದಿದ್ದರೆ ಅಲ್ಲಿ ಹುಲ್ಲುಕಡ್ಡಿಯೂ ಅಲ್ಲಾಡುವುದಿಲ್ಲ ಎಂದು ಯಜಮಾನರು ಎದ್ದು ಕೂತರು. ಆ ಹೆಮ್ಮೆ ಒಂದು ತಿಂಗಳು ನಡೆಯಿತು. ಕಾಲು ನೆಟ್ಟಗಾಗುತ್ತಾ ಬಂದ ಹಾಗೆ ಮನಸ್ಸು ಕುಗ್ಗಿತು.

ಯಾಕೆಂದರೆ, ಸಣ್ಣ ವ್ಯಾಪಾರಿಗಳ ಸಂಘದಲ್ಲಿ ಹೊಸಬರಿಗೆ ವರ್ಷಾವರ್ಷ ಬುದ್ಧಿ ಹೇಳುತ್ತಿದ್ದವರು ಇವರೇ. ಯಜಮಾನ ಆರು ತಿಂಗಳು ಕಾಣಿಸದಿದ್ದರೂ ಕೆಲಸ ನಡೆಯಬೇಕು, ಹಾಗೆ ಜನರನ್ನು ತಯಾರು ಮಾಡುವುದೇ ಯಜಮಾನಿಕೆ ಎಂದು ಮೇಜು ಕುಟ್ಟಿ ಹೇಳಿದ್ದರು. ಈಗ ನೋಡಿದರೆ ಸ್ವಂತ ಮೇಸ್ತ್ರಿಗೆ ಅಂಟು ಕಲಸಲು ಬಾರದು. ಇಷ್ಟು ವರ್ಷ ನಾನು ಕಲಿಸಿದ್ದಾದರೂ ಏನು ಎಂದು ಅವರಿಗೆ ತಮ್ಮ ಮೇಲೇ ಅಸಹ್ಯವಾಯಿತು. ಬೈದು ಬೈದು ನಾಲಿಗೆಯೂ ಸೋತಿತ್ತು.

ಹೆಸರು ಕೆಡುವ ಮೊದಲೇ ಮಾರಿಬಿಡುವುದು ಎಂದು ತೀರ್ಮಾನಿಸಿದರು. ಊರಾಚೆಯ ದೊಡ್ಡ ಪೆಟ್ಟಿಗೆ ಕಂಪನಿಯವನು ಕೊಳ್ಳಲು ಸಿದ್ಧನಿದ್ದ. ಕಟ್ಟಡ ಬೇಕು, ಯಂತ್ರ ಬೇಕು, ಜನ ಬೇಡ ಎಂದ. ಮೇಸ್ತ್ರಿಯೂ ಸೇರಿ ಆರು ಜನ ಮನೆಗೆ ಹೋಗಬೇಕು. ಯಜಮಾನರಿಗೆ ಎರಡು ರಾತ್ರಿ ನಿದ್ದೆ ಹತ್ತಲಿಲ್ಲ. ಹೆಂಡತಿಯ ಮುಂದೆ ಬಾಯಿ ಬಿಡಲಿಲ್ಲ. ಕಾರ್ಖಾನೆಯಲ್ಲಿ ಪೆಟ್ಟಿಗೆ ಅಂಟಿಸುವ ಹೆಂಗಸರು ಅವಳನ್ನು ಅಕ್ಕಾ ಅಕ್ಕಾ ಎಂದು ಸುತ್ತುವವರು, ಕೇಳಿದರೆ ಅತ್ತು ರಂಪ ಮಾಡಿಯಾಳು.

"ಸುಮ್ನೆ ಒಂದು ಸಲ ಕಾರ್ಖಾನೆ ಕಡೆ ಹೋಗಿ ಬರ್ತೀನಿ" ಎಂದಷ್ಟೇ ಹೇಳಿದರು.

ಅವಳ ಮುಖ ಬಿಳಿಚಿಕೊಂಡಿತು. "ಇವತ್ತೇ ಯಾಕ್ರೀ? ನಾಳೆ ಹೋದ್ರಾಯ್ತು. ಮೇಸ್ತ್ರಿಗೆ ಒಂದು ಮಾತು ಹೇಳಿರ್ತೀನಿ."

ಅವಳು ಪೇಟೆಗೆ ಹೋಗುವುದನ್ನೇ ಕಾದಿದ್ದು, ಯಜಮಾನರು ಊರುಗೋಲು ಹಿಡಿದು ಹೊರಟರು.

ಕಾರ್ಖಾನೆಯ ಬಾಗಿಲಲ್ಲಿ ಕೊಳ್ಳುವವನು ಕರಾರುಪತ್ರ ಹಿಡಿದು ಕಾಯುತ್ತಿದ್ದ. ಒಳಗೆ ಕಾಲಿಟ್ಟ ಯಜಮಾನರು ಅಲ್ಲೇ ನಿಂತರು. ಗೋಡೆಯುದ್ದಕ್ಕೂ ಪೆಟ್ಟಿಗೆಗಳನ್ನು ಸೂರಿನವರೆಗೆ ಪೇರಿಸಿದ್ದರು. ಒಂದನ್ನು ತೆಗೆದು ಮೂಲೆ ಒತ್ತಿ ನೋಡಿದರು. ಅಂಟು ಬಿಗಿಯಾಗಿತ್ತು, ಅಂಚು ನೇರವಾಗಿತ್ತು. ಹುಳುಕು ಹುಡುಕಿದರೂ ಸಿಗಲಿಲ್ಲ. ಮೇಸ್ತ್ರಿ ಎಲ್ಲಿ ಎಂದು ಕೇಳಿದರು. ಹೊಸ ಗಿರಾಕಿಗೆ ಸರಕು ಮುಟ್ಟಿಸಲು ಹೋಗಿದ್ದಾನೆ ಎಂದರು ಅಂಟಿಸುವ ಹೆಂಗಸರು. ಯಾವ ಹೊಸ ಗಿರಾಕಿ? ಹೆಂಗಸರು ಮುಖ ಮುಖ ನೋಡಿಕೊಂಡರು.

ತಮ್ಮ ಕಣ್ಣು ತಪ್ಪಿಸಿ ಇನ್ನೇನೋ ನಡೆಯುತ್ತಿದೆ ಎಂದುಕೊಂಡ ಯಜಮಾನರು ನೇರ ಮೇಸ್ತ್ರಿಯ ಮೇಜಿಗೆ ನಡೆದರು. ಅಂಟಿಸುವವಳೊಬ್ಬಳು ಕೈ ಒರೆಸಿಕೊಳ್ಳುತ್ತಾ ಓಡಿ ಬಂದು ಅಡ್ಡ ನಿಂತಳು.

"ಅಲ್ಲಿ ಬೇಡ ಯಜಮಾನ್ರೇ. ಆ ಕುರ್ಚಿ ಮುರಿದಿದೆ."

ಯಜಮಾನರು ಕೂತರು. ಕುರ್ಚಿ ಗಟ್ಟಿಮುಟ್ಟಾಗಿತ್ತು. ಸಹಿಗೆ ಜಾಗ ಮಾಡಲು ಮೇಜಿನ ಮೇಲಿದ್ದ ರಟ್ಟನ್ನು ಸರಿಸಿದರು. ಅದರಡಿ ಒಂದು ಹಾಳೆ ಇತ್ತು. ಕೊಳ್ಳುವವನು ಪೆನ್ನು ಚಾಚಿದ. ಯಜಮಾನರು ಅದನ್ನು ಮುಟ್ಟಲಿಲ್ಲ. ಹಾಳೆಯ ಮೇಲಿದ್ದದ್ದು ಹೆಂಡತಿಯ ದುಂಡು ಅಕ್ಷರ.

'ಮುಂದಿನ ವಾರಕ್ಕೆ. ಸೋಮವಾರ, ದಾರ ದಪ್ಪನೆಯದೋ ತೆಳ್ಳನೆಯದೋ ಎಂದು ಕೇಳಿ. ಮಂಗಳವಾರ, ಯಂತ್ರ ಯಾಕೋ ಸದ್ದು ಮಾಡುತ್ತಿದೆ ಅನ್ನಿ. ಬುಧವಾರ ಏನೂ ತೋಚದಿದ್ದರೆ ಕೇಳಿದ್ದನ್ನೇ ಮತ್ತೆ ಕೇಳಿ. ಹನ್ನೆರಡು ಗಂಟೆ ತಪ್ಪಿಸಬೇಡಿ, ಊಟದ ಹೊತ್ತು.'

ಯಜಮಾನರು ಕರಾರುಪತ್ರವನ್ನು ಮಡಚಿ ಕೊಳ್ಳುವವನ ಕೈಗೆ ವಾಪಸು ಕೊಟ್ಟರು. ಹಾಳೆಯ ತಳದಲ್ಲಿ ಇನ್ನೂ ಒಂದು ಸಾಲಿತ್ತು.

'ಬೈದರೆ ಬೇಜಾರು ಮಾಡ್ಕೋಬೇಡಿ, ಬೈದ ದಿನ ಎರಡು ತುತ್ತು ಜಾಸ್ತಿ ಉಣ್ತಾರೆ.'