ಗುರುಬಸವ್ವನ ಸೌಟು

ಊರೊಟ್ಟಿನ ಅಡುಗೆಮನೆಯಲ್ಲಿ ಬಡಿಸುವ ಸೌಟು ಹಿಡಿಯಬೇಕಾದರೆ, ಎಲ್ಲ ಕಡೆಯಂತೆ ಇಲ್ಲಿಯೂ ದೀಪದ ಮುಂದೆ ಕೂರಬೇಕು. ತನ್ನ ಬಗ್ಗೆ ತಾನು ಹೇಳಿದ್ದೂ ನೆರೆಹೊರೆಯವರ ಮನಸ್ಸಿನಲ್ಲಿರುವುದೂ ಒಂದೇ ಆದರೆ ದೀಪ ಹಸಿರು, ಬೇರೆಯಾದರೆ ಕೆಂಪು. ಪಟ್ಟಣದವರಿಗೆ ಹಸಿರೆಂದರೆ ಹೆಮ್ಮೆ. ಈ ಊರಿನಲ್ಲಿ ಕೆಂಪೇ ಮರ್ಯಾದೆ. ಹತ್ತು ಮಂದಿಯೆದುರು ತನ್ನನ್ನು ತಾನು ಹಳಿದುಕೊಳ್ಳುವುದೇ ಇಲ್ಲಿಯ ನಯ; ಹಾಗೇನಿಲ್ಲ ಎಂದು ದೀಪ ಕೆಂಪಾಗಬೇಕು.

ಗುರುಬಸವ್ವ ಸೆರಗು ಹೊದ್ದು ಕೂತು, ವಾಡಿಕೆಯಂತೆ ಅಂದಳು: “ನನ್ನ ಕೈ ಭಾಳ ಬಿಗಿ ಐತ್ರಿ. ನಾ ಏನು ಬಡಿಸೇನು?”

ದೀಪ ಹಸಿರಾಯಿತು.

“ಈ ಊರಾಗ ಮೊದಲ್ನೇ ಹಸಿರು! ಸೌಟು ನಿಮಗ ರೀ, ಅವ್ವಾರ,” ಎಂದು ಪಟ್ಟಣದಿಂದ ದೀಪ ತಂದ ಸಾಹೇಬರು ಚಪ್ಪಾಳೆ ತಟ್ಟಿದರು. ಊರವರು ನೆಲ ನೋಡಿದರು.

“ನಾ ಅಂತೂ ಹಂಗ ಅನ್ಕೊಂಡಿಲ್ಲ ನೋಡವಾ,” ಎಂದಳು ಪಕ್ಕದ ಮನೆಯ ಕಾಶವ್ವ.

“ನಿನ್ನ ಯಾರು ಕೇಳಿದ್ರು?” ಎಂದಳು ಗುರುಬಸವ್ವ.

ಅವತ್ತು ಮಧ್ಯಾಹ್ನ ಗುರುಬಸವ್ವ ಪ್ರತಿ ತಟ್ಟೆಗೂ ತುಳುಕುವಂತೆ ಸಾರು ಸುರಿದು, ಒಬ್ಬೊಬ್ಬರ ಮುಖವನ್ನೂ ಓರೆಗಣ್ಣಿನಿಂದ ನೋಡಿದಳು. ಯಾರು ಬೆರಗಾಗುತ್ತಾರೋ ಅವರೇ ತನ್ನನ್ನು ಕೈಬಿಗಿ ಅಂದುಕೊಂಡವರು ಎಂಬುದು ಅವಳ ಲೆಕ್ಕ. ಕಾಶವ್ವ ಬೆರಗಾದಳು. ಅವಳ ಹಿಂದಿನವರೂ ಬೆರಗಾದರು. ಕೊನೆಗೆ ತಟ್ಟೆ ಹಿಡಿದು ಬಂದವನು ಗುರುಬಸವ್ವನ ಗಂಡ. ಅವನು ಸಾರು ನೋಡಿದ, ಅವಳ ಮುಖ ನೋಡಿದ.

“ಯಾಕ, ಮೈಯಾಗ ಆರಾಮ ಇಲ್ಲೇನು?” ಎಂದ.